ಅವ್ವನ ಹೆಸರು ಟೀವಿಯಲ್ಲಿ ಹರಿದ ಸಂಜೆ

ಮರಣದ ಸುದ್ದಿ ಹಾಕುವುದಕ್ಕೆ ನಮ್ಮ ಚಾನೆಲ್ಲಿನಲ್ಲಿ ಒಂದು ಕ್ರಮವಿತ್ತು. ಸತ್ತವರ ಮನೆಯ ಕಡೆಯವರು ಯಾರಾದರೂ ಬಂದು ಹೆಸರು, ಊರು, ಮಣ್ಣು ಮಾಡುವ ಹೊತ್ತು ಮತ್ತು ಜಾಗವನ್ನು ಚೀಟಿಯಲ್ಲಿ ಬರೆದುಕೊಡಬೇಕು. ಅಷ್ಟು ಸಾಲದು. ಅದೇ ಊರಿನ ಇನ್ನೊಬ್ಬರ ಫೋನ್ ನಂಬರನ್ನೂ ಕೊಡಬೇಕು. ಹಾಲಿನ ಡೈರಿಯವರೋ, ಅಂಗಡಿಯವರೋ, ಯಾರಾದರೂ ಸರಿ. ನಾವು ಅವರಿಗೆ ಫೋನ್ ಮಾಡಿ, ಅವರು ಹೌದು ಎಂದ ಮೇಲೆಯೇ ಆ ಹೆಸರು ಟೀವಿಯ ಕೆಳತುದಿಯಲ್ಲಿ ಬಲದಿಂದ ಎಡಕ್ಕೆ ಹರಿಯುತ್ತಿತ್ತು. ಹಾಗೆ ಹರಿಯುವ ಸಾಲನ್ನು ಸ್ಕ್ರೋಲ್ ಎನ್ನುತ್ತಿದ್ದೆವು.

ಈ ಕ್ರಮ ಮಾಡಿದವನು ನಾನೇ. ಒಮ್ಮೆ ಉಡಿಗಾಲದ ಕಡೆಯ ಒಬ್ಬ ತನ್ನ ದಾಯಾದಿಯ ಮೇಲಿನ ಸಿಟ್ಟಿಗೆ ಅವನು ಸತ್ತನೆಂದು ಬರೆದುಕೊಟ್ಟು ಹೋಗಿದ್ದ. ಮರುದಿನ ಆ ದಾಯಾದಿಯೇ ನಮ್ಮ ಮೆಟ್ಟಿಲು ಹತ್ತಿ ಬಂದು, 'ಮಣ್ಣು ಮಾಡ್ಬುಟ್ರಲ್ಲ ಸ್ವಾಮಿ, ತಿಥಿ ಯಾವತ್ತು ಅಂತಾನೂ ಏಳ್ಬುಡಿ, ಉಂಡ್ಕಂಡೇ ಓಯ್ತಿನಿ' ಎಂದು ಬೆಂಚಿನ ಮೇಲೆ ಕುಳಿತುಬಿಟ್ಟ. ಅವನಿಗೆ ಕಾಫಿ ಕುಡಿಸಿ ಕಳಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂದಿನಿಂದ ಇನ್ನೊಬ್ಬರನ್ನು ಕೇಳದೆ ಯಾರ ಸಾವನ್ನೂ ಹಾಕಬಾರದು ಎಂದು ಗೋಡೆಗೆ ಬರೆದು ಅಂಟಿಸಿದೆ.

ಚಾಮರಾಜನಗರದಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮೂರು ಕೋಣೆಗಳಲ್ಲಿ ನಮ್ಮ ಕೇಬಲ್ ಚಾನೆಲ್ ನಡೆಯುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಕಂಬದಿಂದ ಕಂಬಕ್ಕೆ ವೈರು ಎಳೆಯುತ್ತ ಎಳೆಯುತ್ತ ಅದರ ಕಾರ್ಯಕ್ರಮ ಮುಖ್ಯಸ್ಥನಾದವನು. ಸಂಜೆ ಆರೂವರೆಗೆ ಗುಂಡ್ಲುಪೇಟೆ ಕಡೆಯ ಹೂವು, ತರಕಾರಿಯ ದರ ಹೇಳುತ್ತಿದ್ದೆವು. ಇಡೀ ದಿನದಲ್ಲಿ ಎಲ್ಲ ಮನೆಗಳಲ್ಲೂ ನಮ್ಮ ಚಾನೆಲ್ ನೋಡುತ್ತಿದ್ದುದು ಅದೊಂದೇ ಹೊತ್ತಿನಲ್ಲಿ. ಮರಣದ ಸ್ಕ್ರೋಲನ್ನೂ ಆ ದರದ ಕೆಳಗೇ ಬಿಡುತ್ತಿದ್ದೆವು.

ಸ್ಕ್ರೋಲ್ ಟೈಪ್ ಮಾಡಲು ಕುದೇರಿನಿಂದ ಒಬ್ಬ ಹುಡುಗಿ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಮಾಡಿದ ಕ್ರಮವನ್ನು ನನಗಿಂತ ಗಟ್ಟಿಯಾಗಿ ಹಿಡಿದವಳು ಅವಳು. ಚೀಟಿಯಲ್ಲಿ ಎರಡನೆಯ ನಂಬರ್ ಇಲ್ಲದಿದ್ದರೆ ಅಂಚಿನಲ್ಲಿ ಕೆಂಪು ಪೆನ್ನಿನಿಂದ 'ಇನ್ನೊಬ್ಬರನ್ನು ಕೇಳಿದಿರಾ?' ಎಂದು ಬರೆದು ನನ್ನ ಮೇಜಿಗೆ ವಾಪಸು ಇಡುತ್ತಿದ್ದಳು. ಮಾಲೀಕರು ಕೊಟ್ಟ ಚೀಟಿಯೂ ಹಾಗೆ ವಾಪಸು ಬಂದದ್ದುಂಟು. 'ಏನಮ್ಮ, ಯಮ್‌ಧರ್ಮನ್ ಆಫೀಸ್ನಲ್ಲೂ ಇಷ್ಟು ಕೇಳಲ್ವಲ್ಲ' ಎಂದು ಮಾಲೀಕರು ಅಂದರೆ, 'ಅವ್ರು ತಪ್ಪು ಮಾಡಿದ್ರೆ ಯಾರೂ ಫೋನ್ ಮಾಡಿ ಬೈಯಲ್ಲ ಸಾರ್' ಎನ್ನುತ್ತಿದ್ದಳು.

ನಮ್ಮ ಅವ್ವ ಅವಳನ್ನು ಎರಡೋ ಮೂರೋ ಸಲ ನೋಡಿದ್ದಳು. ಹರದನಹಳ್ಳಿಯ ನಮ್ಮ ಮನೆಯಿಂದ ನನಗೆ ಬುತ್ತಿ ಕಟ್ಟುವಾಗ ಅವಳಿಗೂ ಒಂದು ಡಬ್ಬಿ ಸೇರಿಸುತ್ತಿದ್ದಳು. 'ಆ ಮಗು ಬೆಳಗಾಗೆದ್ದು ಬಸ್ ಅತ್ತದ, ಏನ್ ತಿಂದಿದ್ದದೋ ಏನೋ' ಎನ್ನುವುದು ಅವ್ವನ ಮಾತು.

ಆ ದಿನ ಬೆಳಿಗ್ಗೆ ಅವ್ವ ತಾರಸಿಯ ಮೇಲೆ ಹುರುಳಿಕಾಳು ಒಣಹಾಕುತ್ತಿದ್ದಾಗ ಕಾಗೆಯೊಂದು ಬಂದು ಅವಳ ನೆತ್ತಿಗೆ ಬಡಿದು ಹೋಯಿತು.

ನಮ್ಮ ಕಡೆ ಇದಕ್ಕೊಂದು ಪರಿಹಾರವಿದೆ. ಕಾಗೆ ತಲೆ ಮುಟ್ಟಿದರೆ ಆ ಮನುಷ್ಯನಿಗೆ ಸಾವು ಹತ್ತಿರ ಎಂದು ನಂಬಿಕೆ. ಅದು ತಪ್ಪಬೇಕಾದರೆ ಅವರು ಸತ್ತರೆಂದು ದೂರದ ಊರಿನಲ್ಲಿರುವ ಹತ್ತಿರದ ನೆಂಟರೊಬ್ಬರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅದನ್ನು ನಿಜವೆಂದು ನಂಬಿ ಅಳಬೇಕು. ಅತ್ತ ಕಣ್ಣೀರಿನಲ್ಲಿ ದೋಷ ಹೋಗುತ್ತದೆ. ಆಮೇಲೆ ನಿಜ ಹೇಳಿ, ಅತ್ತವರನ್ನು ಮನೆಗೆ ಕರೆದು, 'ಸತ್ತವರು' ತಮ್ಮ ಕೈಯಾರೆ ಊಟ ಬಡಿಸಬೇಕು. ಅಲ್ಲಿಗೆ ಮುಗಿಯಿತು.

ನಾನು ತಿಂಡಿಗೆ ಕುಳಿತಿದ್ದಾಗ ಪಕ್ಕದ ಮನೆಯ ದೊಡ್ಡವ್ವ ಬಂದು ಹೊಸಿಲಲ್ಲೇ ನಿಂತಳು.

'ನಿನ್ ತಂಗಿಗ ಏಳ್ಕಳ್ಸುಲಾ. ಗುಂಡ್ಲುಪೇಟೆಲಿ ಅವ್ಳಲ್ಲ. ಅವ್ಳ್ ಬುಟ್ರ ಅಳೋರ್ಯಾರು ನಿಮ್ಮವ್ವುಂಗ?'

'ನಾನಿಲ್ವ ದೊಡ್ಡವ್ವ?'

'ನೀನ್ ಕಣ್ಮುಂದ ಇದ್ದಯ್, ನಿಂಗ ಸುಳ್ಳೇಳಕಾದ್ದ?'

ನಾನು ನಕ್ಕೆ. ಅವ್ವ ನಗಲಿಲ್ಲ. ಹೆದರಿದ್ದೇನೆ ಎಂದೂ ಹೇಳಲಿಲ್ಲ. ಆದರೆ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿದು ಮುರಿದು ಸಣ್ಣದು ಮಾಡುತ್ತಿದ್ದಳೇ ಹೊರತು ಬಾಯಿಗೆ ಇಡಲಿಲ್ಲ. ಅಪ್ಪ ತೀರಿಹೋದ ವರ್ಷ ಅವಳು ಹೀಗೆ ಕುಳಿತಿದ್ದುದನ್ನು ನೋಡಿದ್ದೆ. ಆಮೇಲೆ ನೋಡಿರಲಿಲ್ಲ.

'ಆಯ್ತವ್ವ, ಫೋನ್ ಮಾಡ್ತಿನಿ' ಎಂದೆ.

ಆಫೀಸಿಗೆ ಹೋದವನೇ ತಂಗಿಗೆ ಫೋನ್ ಮಾಡಿದೆ. ಗುಂಡ್ಲುಪೇಟೆಯಲ್ಲಿ ಭಾವನವರದು ಚೆಂಡುಹೂವಿನ ವ್ಯಾಪಾರ. ತಂಗಿ ಹೂವಿನ ಮೂಟೆಗಳ ನಡುವಿನಿಂದಲೇ ಮಾತಾಡಿದಳು. 'ಏನಣ್ಣ, ಇಷ್ಟೊತ್ನಲ್ಲಿ?' ಎಂದಳು. ಅವ್ವ ಸತ್ತಳು ಎಂದು ಹೇಳಬೇಕು. ಎರಡೇ ಪದ. ನನ್ನ ನಾಲಗೆ ಹೊರಳಲಿಲ್ಲ. 'ಹೂವು ಹೆಂಗದ ಈ ಸಲ?' ಎಂದು ಕೇಳಿದೆ. 'ಮಳೆ ಬಿದ್ದು ಕಪ್ಗಾಗದ' ಎಂದಳು. 'ಹೌದಾ' ಎಂದು ಫೋನ್ ಇಟ್ಟೆ. ಮಧ್ಯಾಹ್ನ ಇನ್ನೊಮ್ಮೆ ಮಾಡಿದೆ. ಮಕ್ಕಳ ಸ್ಕೂಲಿನ ವಿಚಾರ ಕೇಳಿ ಇಟ್ಟೆ. ದಿನಕ್ಕೆ ಐದಾರು ಸಾವುಗಳನ್ನು ಊರಿಗೆಲ್ಲ ತಿಳಿಸುವ ಕೆಲಸ ಮಾಡುತ್ತಿದ್ದವನಿಗೆ ಬದುಕಿರುವ ಅವ್ವನ ಬಗ್ಗೆ ಆ ಮಾತು ಬಾಯಿಂದ ಬರಲಿಲ್ಲ.

ಆಗ ಈ ಉಪಾಯ ಹೊಳೆಯಿತು. ಭಾವ ಆರೂವರೆಯ ಹೂವಿನ ದರವನ್ನು ತಪ್ಪದೆ ನೋಡುತ್ತಾರೆ. ದರದ ಕೆಳಗೆ ಎರಡು ಸಲ ಅವ್ವನ ಹೆಸರು ಹರಿಸಿ ತೆಗೆದುಬಿಟ್ಟರೆ ತಂಗಿಗೆ ಮುಟ್ಟುತ್ತದೆ, ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಫೋನ್ ಮಾಡಿ ನಿಜ ಹೇಳಿದರಾಯಿತು.

ಚೀಟಿ ಬರೆದೆ. ಬರೆಯಲು ಕೈ ನಡೆಯಿತು. ಹುಡುಗಿಯ ಮೇಜಿನ ಮೇಲೆ ಇಟ್ಟೆ.

ಅವಳು ಓದದೆಯೇ, ಅಭ್ಯಾಸದಿಂದ, 'ಇನ್ನೊಬ್ಬರ ನಂಬರ್ ಸಾರ್?' ಎಂದು ಕೇಳಿದಳು. ಆಮೇಲೆ ಚೀಟಿ ನೋಡಿದಳು. ಹರದನಹಳ್ಳಿ ಎಂಬುದನ್ನು ನೋಡಿ, ಹೆಸರು ನೋಡಿ, ನನ್ನ ಮುಖ ನೋಡಿದಳು. ಕೈಯಿಂದ ಬಾಯಿ ಮುಚ್ಚಿಕೊಂಡಳು.

'ತಪ್ಪಾಯ್ತು ಸಾರ್. ನೋಡ್ಲಿಲ್ಲ ನಾನು. ತಪ್ಪಾಯ್ತು.'

ನನ್ನನ್ನು ಕೇಳಿದ್ದಕ್ಕೆ ಅವಳು ತಪ್ಪಾಯ್ತು ಎಂದಳು. ನಾನು ಅಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಅವಳು ಟೈಪ್ ಮಾಡುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು. ಕೆಂಪು ಪೆನ್ನಿನಲ್ಲಿ ಬರೆದು ವಾಪಸು ಕೊಡುತ್ತಿದ್ದಳು. ಅದಕ್ಕೇ ಸುಮ್ಮನಿದ್ದೆ. ಅವಳು ಅಳುತ್ತಲೇ ಟೈಪ್ ಮಾಡಿದಳು. ಒಂದು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತ ಇನ್ನೊಂದು ಕೈಯ ಒಂದೇ ಬೆರಳಿನಿಂದ ಅಕ್ಷರ ಒತ್ತುತ್ತಿದ್ದಳು. 'ನಿನ್ನೇನೂ ಡಬ್ಬಿ ಕಳ್ಸಿದ್ರು ಸಾರ್. ನಾನ್ ತೊಳ್ದು ಕೊಡ್ಲೇ ಇಲ್ಲ' ಎಂದಳು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅವಳು ಅದನ್ನು ದುಃಖ ಎಂದುಕೊಂಡಿರಬೇಕು.

ಆರೂವರೆಗೆ ಹೂವಿನ ದರ ಶುರುವಾಯಿತು. ಚೆಂಡುಹೂವು, ಸೇವಂತಿಗೆ, ಅವುಗಳ ಕೆಳಗೆ ನಮ್ಮ ಅವ್ವ. ಎರಡು ಸಲ ಹರಿದ ಮೇಲೆ ಹುಡುಗಿಯಿಂದಲೇ ತೆಗೆಸಿದೆ. 'ಯಾಕ್ ಸಾರ್?' ಎಂದಳು. 'ಸಾಕು, ನಮ್ಮೋರ್ಗೆ ಗೊತ್ತಾದ್ರೆ ಸಾಕು' ಎಂದೆ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿಯೊಂದಿತ್ತು. ಗುಂಡ್ಲುಪೇಟೆಯಲ್ಲಿ ನಮ್ಮದು ಬೇರೆ ಕಂಟ್ರೋಲ್ ರೂಮ್. ಇಲ್ಲಿಂದ ಕಳಿಸಿದ ಸ್ಕ್ರೋಲ್ ಅಲ್ಲಿನ ಕಂಪ್ಯೂಟರಿನಲ್ಲಿ ಕುಳಿತುಕೊಂಡು, ಅಲ್ಲಿಯವರು ಕೈಯಾರೆ ಅಳಿಸುವ ತನಕ ಸುತ್ತುತ್ತಲೇ ಇರುತ್ತದೆ. ಅಲ್ಲಿನ ಆಪರೇಟರ್ ದರ ಶುರುಮಾಡಿ, ರೂಮಿಗೆ ಬೀಗ ಹಾಕಿಕೊಂಡು, ಯಾರದೋ ನಾಮಕರಣಕ್ಕೆ ಊಟಕ್ಕೆ ಹೋಗಿದ್ದ. ಫೋನ್ ಮಾಡಿದರೆ ಅವನ ಫೋನು ಬೀಗ ಹಾಕಿದ ರೂಮಿನೊಳಗೇ ಬಡಿದುಕೊಳ್ಳುತ್ತಿತ್ತಂತೆ. ಹೀಗಾಗಿ ಗುಂಡ್ಲುಪೇಟೆಯಲ್ಲಿ ಅವ್ವ ಒಂದೂವರೆ ಗಂಟೆ ಸತ್ತೇ ಇದ್ದಳು.

ಇಲ್ಲಿ ಎರಡು ಸಲ ಹರಿದದ್ದೇ ಸಾಕಾಗಿತ್ತು. ಮೊದಲು ಫೋನ್ ಮಾಡಿದವರು ನಮ್ಮ ಊರಿನ ಕಡೆಯ ಒಬ್ಬ ಮುಖಂಡರು. 'ತಾಯಿಯವರ ನಿಧನ ತುಂಬಲಾರದ ನಷ್ಟ ಅಂತ ನಾನು ಹೇಳ್ದೆ ಅಂತ ಎಂಟೂವರೆ ನ್ಯೂಸಲ್ಲಿ ಹಾಕ್ಬುಡಿ. ಫೋಟೋ ನಿಮ್ಮತ್ರ ಅದೆಯಲ್ಲ, ನಂದು' ಎಂದರು. ಉಡಿಗಾಲದ ಸೋದರಮಾವನ ಮಕ್ಕಳು ಹಾರ ತೆಗೆದುಕೊಂಡು ಆಟೋ ಹತ್ತಿಬಿಟ್ಟಿದ್ದರು. ನಾನು ಗಾಡಿ ಹತ್ತಿ ಮನೆಗೆ ಓಡಿದೆ.

ಮನೆ ಮುಂದೆ ಜನ. ಜಗಲಿಯ ಮೇಲೆ ಅವ್ವ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಾಳೆ. ಸೋದರಮಾವನ ದೊಡ್ಡ ಮಗ ಹಾರ ಹಿಡಿದು ಎದುರಿಗೆ ನಿಂತಿದ್ದಾನೆ.

'ಏನ್ಲಾ, ಕೈಲಿಡ್ಕಂಡು ನಿಂತ್ಕಂಡಿದ್ದಯ್? ತಂದಿರೋದು ನಂಗ ತಾನೇ? ಆಕ್ಬುಡು' ಎಂದು ಅವ್ವ ಕುತ್ತಿಗೆ ಮುಂದೆ ಮಾಡಿದಳು.

'ಅತ್ತೆಮ್ಮ, ನೀನ್ ಸಾಯ್ದೆ ಇದ್ರೆ ಒಂದ್ ಫೋನಾದ್ರೂ ಮಾಡದಲ್ವ. ಆಟೋದವ್ನು ಕಾಯ್ತಾವ್ನ' ಎಂದ ಅವನು. ಎಲ್ಲರೂ ನಕ್ಕರು. ಹಾರವನ್ನು ಕೊನೆಗೆ ದನದ ಕೊಟ್ಟಿಗೆಯ ಎಮ್ಮೆಗೆ ಹಾಕಿದರು.

ತಂಗಿ ಅತ್ತಳೋ ಇಲ್ಲವೋ ಎಂಬುದು ಅವ್ವನಿಗೆ ಮುಖ್ಯವಾಗಿತ್ತು. ಅಲ್ಲಿ ನಡೆದದ್ದೇ ಬೇರೆ. ಟೀವಿ ನೋಡಿದ ಭಾವ ಕೂಗಿಕೊಂಡಿದ್ದಾರೆ. ತಂಗಿ ಎದ್ದುಬಿದ್ದು ನಮ್ಮ ಪಕ್ಕದ ಮನೆಗೆ ಫೋನ್ ಮಾಡಿದ್ದಾಳೆ. ಎತ್ತಿದವಳು ದೊಡ್ಡವ್ವ. ತಂಗಿ 'ಅವ್ವ...' ಎನ್ನುವಷ್ಟರಲ್ಲಿ ದೊಡ್ಡವ್ವ, 'ಅಳ್ಬೇಡ ಕಣಮ್ಮಿ, ಏನೂ ಆಗಿಲ್ಲ, ಕಾಗ ಮುಟ್ಬುಟ್ಟದ ಅಷ್ಟೇಯ' ಎಂದುಬಿಟ್ಟಿದ್ದಾಳೆ. ಉಪಾಯ ಹೇಳಿಕೊಟ್ಟವಳೇ ಅದನ್ನು ಕೆಡಿಸಿದಳು. ತಂಗಿಯ ಕಣ್ಣಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಸಿಟ್ಟು ಮಾತ್ರ ಬಂದಿತ್ತು. ಬೆಳಿಗ್ಗೆಯಿಂದ ನಾನು ಹೂವಿನ ವಿಚಾರ, ಸ್ಕೂಲಿನ ವಿಚಾರ ಕೇಳಿದ್ದು ಯಾಕೆಂದು ಅವಳಿಗೆ ಆಗ ಅರ್ಥವಾಯಿತಂತೆ.

ಈ ಗದ್ದಲದಲ್ಲಿ ಮಾಲೀಕರ ಫೋನ್ ಬಂತು. ಅವರಿಗೆ ನಗು ಬಂದಿರಲಿಲ್ಲ. 'ಸಾವಿನ್ ಸುದ್ದಿ ಒಂದನ್ನ ಜನ ನಂಬ್ತಿದ್ರು ಕಣಯ್ಯ ನಮ್ದು. ನಾಳೆಯಿಂದ ಅದನ್ನೂ ನಂಬಲ್ಲ. ಎಂಟೂವರೆಗೆ ತಪ್ಪೊಪ್ಪಿಗೆ ಹಾಕ್ಬೇಕು. ಯಾರಿಂದ ಆಯ್ತು ಅಂತ ಹೇಳ್ಬೇಕು, ಸುಮ್ನೆ ಕ್ಷಮಿಸಿ ಅಂದ್ರೆ ಆಗಲ್ಲ' ಎಂದರು.

ವಾಪಸು ಬಂದೆ. ಹುಡುಗಿ ಕೊನೆಯ ಬಸ್ಸಿಗೆ ಹೋಗದೆ ಕಾಯುತ್ತಿದ್ದಳು. ಹರದನಹಳ್ಳಿಗೆ ಮಣ್ಣಿಗೆ ಬರಬೇಕು ಎಂದು ಕುದೇರಿನಲ್ಲಿರುವ ಅವಳ ಅಣ್ಣನನ್ನೂ ಕರೆಸಿಕೊಂಡಿದ್ದಳು. ಕಣ್ಣು ಊದಿಕೊಂಡಿದ್ದವು. ನಾನು ನಿಜ ಹೇಳಿದೆ. ಕಾಗೆಯಿಂದ ಹಿಡಿದು ಎಲ್ಲ ಹೇಳಿದೆ. ಅವಳಿಗೆ ಕೋಪ ಬರುತ್ತದೆ ಎಂದುಕೊಂಡಿದ್ದೆ.

'ಇದ್ದಾರಾ ಸಾರ್? ಚೆನ್ನಾಗಿದ್ದಾರಾ?' ಎಂದಳು. 'ಅಬ್ಬ. ಒಳ್ಳೇದಾಯ್ತು ಬುಡಿ ಸಾರ್.' ಅಣ್ಣನ ಕಡೆ ತಿರುಗಿ, 'ಇದ್ದಾರಂತೆ ಕಣೋ' ಎಂದಳು. ನಕ್ಕಳು. ನಗುವಾಗಲೂ ಕಣ್ಣಲ್ಲಿ ನೀರಿತ್ತು.

ಆಮೇಲೆ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಒಳಗೆ ಹೋಗಿ ತಪ್ಪೊಪ್ಪಿಗೆ ಬರೆಯಲು ಕುಳಿತೆ. ನಾನೇ ಹಾಕಿಸಿದೆ ಎಂದು ಬರೆದರೆ ಕಾರ್ಯಕ್ರಮ ಮುಖ್ಯಸ್ಥನಾಗಿ ನಾನು ಉಳಿಯುತ್ತಿರಲಿಲ್ಲ. ಹಾಗೆಂದು ಮಾಲೀಕರು ಹೇಳಿರಲಿಲ್ಲ. ನಾನೇ ಅಂದುಕೊಂಡೆ. ಕಂಬ ಹತ್ತುತ್ತಿದ್ದವನಿಗೆ ಕುರ್ಚಿ ಸಿಕ್ಕಿ ಆಗಿನ್ನೂ ಬಹಳ ಕಾಲವಾಗಿರಲಿಲ್ಲ. ಬರೆದದ್ದು ಹೀಗೆ: 'ನಮ್ಮ ಬೆರಳಚ್ಚು ಸಿಬ್ಬಂದಿಯ ಅಚಾತುರ್ಯದಿಂದ ತಪ್ಪು ಮರಣ ವಾರ್ತೆ ಪ್ರಸಾರವಾಗಿದೆ. ವಿಷಾದಿಸುತ್ತೇವೆ.' ಬೆರಳಚ್ಚು ಸಿಬ್ಬಂದಿ ಎಂದು ನಮ್ಮಲ್ಲಿ ಇದ್ದವಳು ಅವಳೊಬ್ಬಳೇ. ಅದು ಊರಿಗೆಲ್ಲ ಗೊತ್ತಿತ್ತು.

ಟೈಪ್ ಮಾಡಬೇಕಾದವಳೂ ಅವಳೇ. ಚೀಟಿಯನ್ನು ಅವಳ ಕೈಗೆ ಕೊಟ್ಟೆ. ಓದಿದಳು. ಕೆಂಪು ಪೆನ್ನು ಮೇಜಿನ ಮೇಲೇ ಇತ್ತು. ಅದನ್ನು ಮುಟ್ಟಲಿಲ್ಲ. ಎರಡೂ ಕೈಯಿಂದ, ಒಂದೂ ಕಾಗುಣಿತ ತಪ್ಪದಂತೆ, ತನ್ನ ಮೇಲಿನ ದೂರನ್ನು ತಾನೇ ಟೈಪ್ ಮಾಡಿ, 'ಇಷ್ಟೇನಾ ಸಾರ್?' ಎಂದು ಕೇಳಿದಳು.

'ಇಷ್ಟೇ' ಎಂದೆ.

ಬಸ್ಸಿನಲ್ಲಿ, ಅಂಗಡಿಯಲ್ಲಿ ಜನ ಅವಳನ್ನು ಛೇಡಿಸತೊಡಗಿದರು. 'ನಮ್ಮಜ್ಜಿ ಇನ್ನೂ ಗಟ್ಟಿಯಾಗವ್ಳ, ಎಸ್ರು ಆಕ್ಬುಡ್ಬೇಡ ಕಣಮ್ಮಿ' ಎನ್ನುತ್ತಿದ್ದರಂತೆ. ಅವಳು ಯಾರಿಗೂ ನಿಜ ಹೇಳಲಿಲ್ಲ. ಆ ವಾರವೇ ಕೆಲಸ ಬಿಟ್ಟಳು. ಅವ್ವನ ಡಬ್ಬಿಯನ್ನು ತೊಳೆದು, ಒರೆಸಿ, ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದಳು.

ಮನೆಯಲ್ಲಿ ಅವ್ವನಿಗೆ ಸಮಾಧಾನವಿರಲಿಲ್ಲ. 'ಯಾರೂ ಅಳ್ಳಿಲ್ಲ ಅಂದ್ಮೇಲ ಕಾಗ ನನ್ ತಲ ಮ್ಯಾಲೇ ಕೂತದ ಅಂತ ಆಯ್ತು' ಎಂದಳು. ನಾನು ಅವಳನ್ನು ಸಂತೈಸಲು, ಟೈಪಿಂಗ್ ಹುಡುಗಿ ಅತ್ತದ್ದನ್ನು ಹೇಳಿದೆ. ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಕಡೆ ತಿರುಗಿದಳು.

'ನಾನ್ ಎತ್ತೋಳಲ್ಲ, ಒಡುಟ್ದೋಳಲ್ಲ. ನಾಕ್ ದಿನ ಡಬ್ಬಿ ಕಳ್ಸಿದ್ಕ ಅತ್ತಳಲ್ಲ ಮಗ. ಅವ್ಳ ಕಣ್ಣೀರ್ಲಿ ನಾನ್ ಬದ್ಕಂಡಿ. ಕರ್ಕಬಾ ಅವ್ಳ. ನನ್ ಕೈಯಾರ ಉಣ್ಣಕ್ಕಿಕ್ಬೇಕು.'

ಅವಳು ಕೆಲಸ ಬಿಟ್ಟಿದ್ದಾಳೆ ಎಂದು ಮಾತ್ರ ಹೇಳಿದೆ. ಯಾಕೆ ಬಿಟ್ಟಳು ಎಂದು ಹೇಳಲಿಲ್ಲ. ಕುದೇರು ನಮ್ಮೂರಿಂದ ಎಷ್ಟು ದೂರ? ಹಬ್ಬ ಬಂದಾಗಲೆಲ್ಲ ಅವ್ವ ಕೇಳುತ್ತಿದ್ದಳು. 'ಆ ಮಗೀನ ಕರ್ಕಬಂದ್ಯ?' ನಾನು ಒಂದೊಂದು ಸಲ ಒಂದೊಂದು ನೆಪ ಹೇಳಿದೆ. ಮದುವೆಯಾಗಿ ಹೋದಳಂತೆ ಎಂದೆ. ಎಲ್ಲಿಗೋ ಗೊತ್ತಿಲ್ಲ ಎಂದೆ. ಎಂಟೊಂಬತ್ತು ವರ್ಷ ಅವ್ವ ಬದುಕಿದಳು, ಅಷ್ಟೂ ವರ್ಷ ಕೇಳಿದಳು.

ಅವ್ವ ನಿಜವಾಗಿ ಹೋದ ಬೆಳಿಗ್ಗೆ ತಂಗಿಗೆ ಫೋನ್ ಮಾಡಿದೆ. ಈ ಸಲ ಹೇಳಿದೆ. ತಂಗಿ ನಕ್ಕಳು. 'ಮತ್ತೆ ಕಾಗೆ ಮುಟ್ತೇನಣ್ಣ?' ಎಂದಳು. ನಾನು ಸುಮ್ಮನಿದ್ದೆ. ಆ ಮೌನದಿಂದ ಅವಳಿಗೆ ತಿಳಿಯಿತು.

ಅಷ್ಟರಲ್ಲಿ ಚಾನೆಲ್ ಮುಚ್ಚಿತ್ತು. ಸಾವಿನ ಸುದ್ದಿ ಈಗ ಎಲ್ಲರ ಮೊಬೈಲಿಗೇ ಬರುತ್ತದೆ, ಕೆಳಗೆ ಕೈಮುಗಿದ ಚಿತ್ರಗಳ ಸಾಲು. ನಾನು ಹೊತ್ತು ಕಳೆಯಲು ಹಳೆಯ ಸಂಗತಿಗಳನ್ನು ಬರೆಯತೊಡಗಿದೆ. ಬಿಡಿಬಿಡಿಯಾಗಿ ಒಂದು ವಾರಪತ್ರಿಕೆಯಲ್ಲಿ ಬಂದವು. ಓದಿದ ಚಾಮರಾಜನಗರದ ಪ್ರಿಂಟರೊಬ್ಬರು, 'ಪುಸ್ತಕ ಮಾಡನ ಸಾರ್' ಎಂದರು. ಗೆರೆ ಹಾಕಿದ ಹಾಳೆಯ ಒಂದೇ ಮಗ್ಗುಲಲ್ಲಿ, ಎಡಕ್ಕೆ ನಾಲ್ಕು ಬೆರಳು ಜಾಗ ಬಿಟ್ಟು ಬರೆಯಬೇಕು ಎಂದು ಕಲಿಸಿದವರು ಅವರೇ. ಟೀವಿಗೆ ಬರೆದ ಕೈ ನನ್ನದು. ಮೊದಲ ಸಾಲಿನಲ್ಲೇ ಎಲ್ಲ ಹೇಳಿ ಮುಗಿಸಿಬಿಡುತ್ತಿದ್ದೆ, ಎರಡನೆಯ ಸಾಲಿಗೆ ಏನೂ ಉಳಿಯುತ್ತಿರಲಿಲ್ಲ. ಒಂದೊಂದು ಅಧ್ಯಾಯವನ್ನು ಮೂರು ಮೂರು ಸಲ ತಿದ್ದಿ ಬರೆದೆ.

ಕಾಗೆಯ ಅಧ್ಯಾಯ ಮಾತ್ರ ಒಂದೇ ಏಟಿಗೆ ಬಂತು. ಆಟೋದಲ್ಲಿ ಬಂದ ಹಾರ, ಎಮ್ಮೆಯ ಕುತ್ತಿಗೆ, ಮುಖಂಡರ ತುಂಬಲಾರದ ನಷ್ಟ, ಎಲ್ಲ ನಗು ಬರುವ ಹಾಗಿತ್ತು. ಕಾಗೆ ಮುಟ್ಟಿದ್ದೂ ಇತ್ತು. ಆದರೆ ಅವ್ವನ ಹೆಸರು ಟೀವಿಗೆ ಹೇಗೆ ಹೋಯಿತು ಎಂಬಲ್ಲಿ, ಪಕ್ಕದ ಮನೆಯ ಮಾತು ಕೇಳಿಸಿಕೊಂಡ ನಮ್ಮ ಟೈಪಿಂಗ್ ಹುಡುಗಿ ವಿಚಾರಿಸದೆ ಹಾಕಿಬಿಟ್ಟಳು ಎಂದು ಬರೆದೆ. ಇಷ್ಟು ವರ್ಷ ಹಾಗೇ ಹೇಳಿ ಹೇಳಿ ನನಗೇ ಅದು ನಿಜದ ಹಾಗೆ ಕಾಣುತ್ತಿತ್ತು.

ಕರಡಚ್ಚು ಬಂತು. ಅಚ್ಚಾಗುವ ಮೊದಲು ತಪ್ಪು ತಿದ್ದಲು ಕೊಡುವ ಹಾಳೆಗಳು. ಒಂದೊಂದು ಸಾಲಿನ ಕೆಳಗೆ ಸ್ಕೇಲು ಇಟ್ಟು ಓದುತ್ತ ಬಂದೆ. ಟೈಪ್ ಮಾಡಿದವರ ಕೆಲಸ ಚೊಕ್ಕಟವಾಗಿತ್ತು. ಕಾಗೆಯ ಅಧ್ಯಾಯದ ನಾಲ್ಕನೆಯ ಪುಟದಲ್ಲಿ ನನ್ನ ಸ್ಕೇಲು ನಿಂತಿತು. ಹುಡುಗಿ ವಿಚಾರಿಸದೆ ಹಾಕಿಬಿಟ್ಟಳು ಎಂಬ ಸಾಲು ನಾನು ಬರೆದ ಹಾಗೇ ಇತ್ತು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಪಕ್ಕದ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿತ್ತು: 'ಇನ್ನೊಬ್ಬರನ್ನು ಕೇಳಿದಿರಾ?'

ಪ್ರಿಂಟರಿಗೆ ಫೋನ್ ಮಾಡಿ ಟೈಪಿಂಗ್ ಯಾರದು ಎಂದು ಕೇಳಿದೆ. 'ಗುಂಡ್ಲುಪೇಟೇಲಿ ಒಬ್ರು ಮೇಡಮ್ಮು ಡಿಟಿಪಿ ಅಂಗಡಿ ಇಟ್ಟವ್ರೆ ಸಾರ್. ನಮ್ ಪುಸ್ತಕದ ಕೆಲ್ಸ ಎಲ್ಲ ಅವ್ರೇ. ಯಾಕೆ, ತಪ್ಪೈತಾ?' ಎಂದರು.

'ಐತೆ' ಎಂದೆ. 'ಅವ್ರದಲ್ಲ.'

ಆ ಪುಟವನ್ನು ಕಿತ್ತು ಅಧ್ಯಾಯವನ್ನೇ ಬಿಟ್ಟುಬಿಡಬಹುದಿತ್ತು. ಪ್ರಿಂಟರು ಏನೂ ಅನ್ನುತ್ತಿರಲಿಲ್ಲ. ಎರಡು ದಿನ ಹಾಗೆಯೇ ಮಾಡಬೇಕೆಂದಿದ್ದೆ. ಟೀವಿಯಲ್ಲಾದರೆ ತಪ್ಪು ಬಲದಿಂದ ಎಡಕ್ಕೆ ಹರಿದು ಹೋಗಿಬಿಡುತ್ತದೆ, ಪುಸ್ತಕದಲ್ಲಿ ಅದು ಇಟ್ಟ ಜಾಗದಲ್ಲೇ ಕೂತಿರುತ್ತದೆ. ಆದರೆ ಬಿಟ್ಟುಬಿಟ್ಟರೆ ಅವಳ ಪ್ರಶ್ನೆಗೆ ಎರಡನೆಯ ಸಲವೂ ಕಿಟಕಿಯ ಕಡೆ ತಿರುಗಿ ನಿಂತ ಹಾಗೆ. ಮೂರನೆಯ ದಿನ ಗುಂಡ್ಲುಪೇಟೆ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವ ತನಕ ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದುಕೊಂಡೆ. ಇಳಿಯುವ ಹೊತ್ತಿಗೆ ಎಲ್ಲ ಮರೆತುಹೋಗಿತ್ತು.

ಊಟಿ ರಸ್ತೆಯ ಕಡೆ ಚಿಕ್ಕ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ. ಅವಳ ತಲೆ ಅಲ್ಲಲ್ಲಿ ನೆರೆತಿತ್ತು. ಕನ್ನಡಕ ಬಂದಿತ್ತು. ಯಾರದೋ ಪಹಣಿ ಜೆರಾಕ್ಸ್ ಮಾಡುತ್ತಿದ್ದವಳು ತಲೆಯೆತ್ತಿ, ನನ್ನನ್ನು ನಿನ್ನೆ ನೋಡಿದವಳಂತೆ, 'ಬನ್ನಿ ಸಾರ್, ಕೂತ್ಕೊಳ್ಳಿ. ಬಿಸ್ಲಲ್ಲಿ ಬಂದ್ರಾ?' ಎಂದಳು. ಗಿರಾಕಿ ಹೋಗುವ ತನಕ ನಾನು ಪುಟವನ್ನು ಕೈಯಲ್ಲಿ ಹಿಡಿದು ಕುಳಿತಿದ್ದೆ.

'ಆವತ್ತು ಹಾಕ್ಸಿದ್ದು ನಾನು. ನಿನ್ ಮೇಲೆ ಹೇಳ್ದೆ' ಎಂದೆ.

'ಗೊತ್ತಲ್ಲ ಸಾರ್. ಟೈಪ್ ಮಾಡ್ದೋಳು ನಾನೇ ಅಲ್ವಾ.'

'ತಪ್ಪಾಯ್ತು ಕಣಮ್ಮ.'

ಜೆರಾಕ್ಸ್ ಯಂತ್ರದ ಮುಚ್ಚಳ ಹಾಕಿದಳು. 'ಆವಾಗ ಬೇಜಾರಾಗಿತ್ತು ಸಾರ್. ಬೈದಿದ್ರೆ, ಕೆಲ್ಸದಿಂದ ತೆಗ್ದಿದ್ರೆ ಅಷ್ಟು ಆಗ್ತಿರ್ಲಿಲ್ಲ. ಇನ್ನೊಬ್ರನ್ನ ಕೇಳ್ಲಿಲ್ಲ ಅಂತ ನನ್ ಬಗ್ಗೆ ಹೇಳ್ಬುಟ್ರಲ್ಲ, ಅದಕ್ಕೆ' ಎಂದಳು. ನನ್ನ ಕೈಯಲ್ಲಿದ್ದ ಪುಟ ನೋಡಿ, 'ಪುಸ್ತಕದಲ್ಲೂ ಅದನ್ನೇ ಬರ್ದಿದ್ರಿ' ಎಂದಳು.

ಅವ್ವ ಹೇಳಿದ್ದನ್ನು ಆಗ ಹೇಳಿದೆ. ತಂಗಿ ಅಳಲಿಲ್ಲ, ಯಾರೂ ಅಳಲಿಲ್ಲ, ನಿಜವೆಂದು ನಂಬಿ ಅತ್ತವಳು ನೀನೊಬ್ಬಳೇ, ಆ ಕಣ್ಣೀರಿನಲ್ಲಿ ತಾನು ಬದುಕಿದೆ ಎಂದು ಅವ್ವ ನಂಬಿದ್ದಳು, ಸಾಯುವ ತನಕ ನಿನ್ನನ್ನು ಕರೆದುಕೊಂಡು ಬಾ ಎನ್ನುತ್ತಿದ್ದಳು, ನಾನು ಕರೆಯಲಿಲ್ಲ ಎಂದೆ.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

'ಆಮೇಲೆ ಎಷ್ಟು ವರ್ಷ ಇದ್ರು ಸಾರ್?'

'ಎಂಟೊಂಬತ್ತು ವರ್ಷ ಇದ್ಲು. ಚೆನ್ನಾಗೇ ಇದ್ಲು.'

'ಅಷ್ಟು ವರ್ಷ ಇದ್ರಾ' ಎಂದಳು. ಕನ್ನಡಕ ಹಾಕಿಕೊಂಡಳು. ತುಟಿಯ ತುದಿಯಲ್ಲಿ ಸಣ್ಣ ನಗು ಬಂತು. 'ಹಂಗಾದ್ರೆ ನಾನ್ ಅತ್ತಿದ್ದು ದಂಡ ಆಗ್ಲಿಲ್ಲ ಬುಡಿ.'

ಅವಳೇ ಕುರ್ಚಿಯನ್ನು ಕಂಪ್ಯೂಟರಿನ ಕಡೆ ತಿರುಗಿಸಿದಳು. 'ಹೇಳಿ ಸಾರ್, ಆ ಪುಟ ಸರಿ ಮಾಡನ. ಬರ್ಕೊಂಡು ಬಂದಿದ್ದೀರಾ?'

ಬರೆದುಕೊಂಡು ಬಂದಿರಲಿಲ್ಲ. ಬಾಯಲ್ಲೇ ಹೇಳಿದೆ. 'ನಾನು' ಎಂದು ಶುರುಮಾಡಿ ನಿಂತೆ. ಅವಳು 'ನಾನು' ಎಂದು ಟೈಪ್ ಮಾಡಿ ಕಾದಳು. ಹೊರಗೆ ಕೇರಳದ ಲಾರಿಯೊಂದು ಹಾರ್ನ್ ಹೊಡೆದುಕೊಂಡು ಹೋಯಿತು. 'ನಿಧಾನಕ್ಕೆ ಹೇಳಿ ಸಾರ್, ಆತುರ ಇಲ್ಲ' ಎಂದಳು. ಒಂದೊಂದೇ ಪದವಾಗಿ ಹೇಳಿದೆ. ಅವಳು ಒಂದೊಂದೇ ಪದವಾಗಿ ಟೈಪ್ ಮಾಡಿದಳು.

ಮಧ್ಯಾಹ್ನ ಅವಳನ್ನು ತಂಗಿಯ ಮನೆಗೆ ಕರೆದುಕೊಂಡು ಹೋದೆ. ಮೊದಲೇ ಫೋನ್ ಮಾಡಿ ವಿಷಯವನ್ನೆಲ್ಲ ಹೇಳಿದ್ದೆ. ತಂಗಿ ಬಾಗಿಲಲ್ಲೇ ನನ್ನನ್ನು ಬೈದು ಮುಗಿಸಿ, ಅವಳ ಕೈ ಹಿಡಿದು ಒಳಗೆ ಕರೆದುಕೊಂಡಳು. ಬಿಸಿ ಮುದ್ದೆ, ಅವರೆಕಾಳಿನ ಸಾರು. 'ಅವ್ವನ್ ಕೈಲಿ ಆಗ್ಲಿಲ್ಲ. ನನ್ ಕೈಲಾದ್ರೂ ಉಣ್ಣಮ್ಮಿ' ಎಂದು ಬಡಿಸಿದಳು. ನನಗೆ ಬಡಿಸಿದ್ದು ಅವಳ ಊಟ ಮುಗಿದ ಮೇಲೆ. ಅದು ಸರಿಯಾಗಿಯೇ ಇತ್ತು.

ಹೊರಡುವಾಗ ತಂಗಿ ಒಂದು ಡಬ್ಬಿಗೆ ಸಾರು ತುಂಬಿ ಅವಳ ಕೈಗಿಟ್ಟಳು. ಅವಳು ಬೇಡವೆನ್ನಲಿಲ್ಲ. ಅಂಗಡಿಗೆ ಹಿಂತಿರುಗಿ ಅಧ್ಯಾಯದ ಹೊಸ ಪ್ರತಿಯನ್ನು ತೆಗೆದು ನನ್ನ ಮುಂದೆ ಹಿಡಿದಳು.

'ಇಷ್ಟೇನಾ ಸಾರ್?'

ಇನ್ನೊಂದು ಸಾಲು ಇದೆ ಎಂದೆ. ಅದನ್ನೂ ಅವಳೇ ಟೈಪ್ ಮಾಡಿದಳು. ಈ ಅಧ್ಯಾಯವನ್ನು ಇನ್ನೊಬ್ಬರನ್ನು ಕೇಳಿ, ಅವರು ಹೌದು ಎಂದ ಮೇಲೆಯೇ ಅಚ್ಚಿಗೆ ಕೊಟ್ಟಿದ್ದೇನೆ.